ಗೃಹ ಅಡುಗೆಮನೆಗೆ ಸೂಕ್ತ ಅಳತೆಯ ವಿದ್ಯುತ್ ಚಿಮಣಿಯ ಆಯ್ಕೆ: ಗ್ರಾಹಕರಿಗೆ ಮಾಹಿತಿ

ಮನೆಯ ಅಡುಗೆಮನೆಗೆ ವಿದ್ಯುತ್ ಚಿಮಣಿಯನ್ನು ಖರೀದಿಸಲು ಉದ್ದೇಶಿಸಿರುವ ಗ್ರಾಹಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಅಂಗಡಿಗಳಲ್ಲಿ ಚಿಮಣಿಯ ಅಳತೆಯೆಂದರೆ ಅದರ ಹೀರುವ ಸಾಮರ್ಥ್ಯದ ಅಂಕಿಯೇ ಎಂಬಂತೆ ವ್ಯವಹಾರ ನಡೆಯುತ್ತದೆ. ವಾಸ್ತವದಲ್ಲಿ ಒಲೆಯ ಅಗಲ, ಒಲೆಯಿಂದ ಚಿಮಣಿಗಿರುವ ಎತ್ತರ ಮತ್ತು ಹೊಗೆ ಹೊರಹೋಗುವ ಕೊಳವೆಯ ವ್ಯಾಸ ಇವು ಮೂರೂ ಹೊಂದದಿದ್ದಲ್ಲಿ, ಎಷ್ಟು ದೊಡ್ಡ ಅಂಕಿಯ ಯಂತ್ರವನ್ನು ಕೊಂಡರೂ ಒಗ್ಗರಣೆಯ ಘಾಟು ನಡುಮನೆಗೇ ಬರುತ್ತದೆ. ಆದುದರಿಂದ ಗ್ರಾಹಕರು ಅಂಗಡಿಗೆ ಹೋಗುವುದಕ್ಕೆ ಮೊದಲು ತಮ್ಮ ಅಡುಗೆಮನೆಯನ್ನು ಅಳತೆಪಟ್ಟಿ ಹಿಡಿದು ಅಳೆದು, ಆ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಸೂಕ್ತ.

ಚಿಮಣಿ ಎಂಬ ಪದದ ಬಗ್ಗೆ

ಉತ್ತರ ಕರ್ನಾಟಕದಲ್ಲಿ ಚಿಮಣಿ ಎಂದರೆ ಸೀಮೆಎಣ್ಣೆಯ ದೀಪ. ಸೌದೆ ಒಲೆಯ ಹೊಗೆಯನ್ನು ಮಾಡಿನ ಮೇಲಕ್ಕೆ ಸಾಗಿಸುವ ಕೊಳವೆಗೂ ಇದೇ ಹೆಸರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಲ್ಲಿ ಇರುವುದು ಈ ಬಗೆಯದು. ಬಿಸಿ ಗಾಳಿ ತಾನಾಗಿ ಮೇಲೇರುವ ಗುಣದಿಂದಲೇ ಅದು ಕೆಲಸ ಮಾಡುತ್ತದೆ, ಅದಕ್ಕೆ ವಿದ್ಯುತ್ ಬೇಕಾಗಿಲ್ಲ. ಇಲ್ಲಿ ವಿವರಿಸುತ್ತಿರುವುದು ಗ್ಯಾಸ್ ಒಲೆ ಅಥವಾ ವಿದ್ಯುತ್ ಒಲೆಯ ಮೇಲೆ ಗೋಡೆಗೆ ಅಳವಡಿಸುವ, ಒಳಗೆ ಮೋಟಾರು ಮತ್ತು ಫ್ಯಾನು ಇರುವ ಯಂತ್ರವನ್ನು ಮಾತ್ರ. ಇದನ್ನು ಯಾವ ಕಾರಣಕ್ಕೂ ಸೌದೆ ಒಲೆಯ ಮೇಲೆ ಅಳವಡಿಸಬಾರದು. ಕಿಡಿ ಮೇಲೇರಿ ಜಾಲರಿಯಲ್ಲಿ ಕಟ್ಟಿಕೊಂಡಿರುವ ಎಣ್ಣೆ ಜಿಡ್ಡಿಗೆ ತಗುಲಿದಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ.

ಅಗತ್ಯವಿದೆಯೇ ಎಂಬ ಪರಿಶೀಲನೆ

ಎದುರುಬದುರು ಕಿಟಕಿಗಳಿದ್ದು ಗಾಳಿ ಚೆನ್ನಾಗಿ ಆಡುವ ಅಡುಗೆಮನೆಗಳಿಗೆ, ವಿಶೇಷವಾಗಿ ಕರಾವಳಿ ಮತ್ತು ಮಲೆನಾಡಿನ ಎತ್ತರದ ಹೆಂಚಿನ ಮನೆಗಳಿಗೆ, ಒಂದು ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಸಾಕಾಗುತ್ತದೆ. ನಗರಗಳ ವಸತಿ ಸಮುಚ್ಚಯಗಳಲ್ಲಿ ಅಡುಗೆಮನೆಗೆ ಒಂದೇ ಸಣ್ಣ ಕಿಟಕಿ ಇರುವುದು ಅಥವಾ ಅಡುಗೆಮನೆ ನಡುಮನೆಗೆ ತೆರೆದುಕೊಂಡಿರುವುದು ಸಾಮಾನ್ಯ. ಚಿಮಣಿಯ ಪ್ರಯೋಜನ ಹೆಚ್ಚಾಗಿ ಇಂತಹ ಮನೆಗಳಿಗೆ.

ಇದನ್ನು ಕೇವಲ ಗೋಡೆ ಮಾಸದಿರಲೆಂದು ಮಾಡುವ ಖರ್ಚು ಎಂದು ಭಾವಿಸಬಾರದು. ಗ್ಯಾಸ್ ಉರಿಯುವಾಗ ಹೊಗೆ ಕಾಣದಿದ್ದರೂ ನೈಟ್ರೋಜನ್ ಡೈಆಕ್ಸೈಡ್ ಉಂಟಾಗುತ್ತದೆ. ಕಾದ ಎಣ್ಣೆಯಿಂದ ಅತಿ ಸೂಕ್ಷ್ಮ ಕಣಗಳು ಏಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ತನ್ನ 95ನೆಯ ಸಂಪುಟದಲ್ಲಿ, ಅತಿ ಹೆಚ್ಚು ಉಷ್ಣತೆಯಲ್ಲಿ ಕರಿಯುವಾಗ ಹೊರಡುವ ಹೊಗೆಯನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕವಾದ 2ಎ ವರ್ಗದಲ್ಲಿ ಸೇರಿಸಿದೆ. ಇದು ದಿನನಿತ್ಯ ಒಲೆಯ ಮುಂದೆ ನಿಲ್ಲುವವರಿಗೆ ಸಂಬಂಧಿಸಿದ ವಿಷಯ. ಬಹುತೇಕ ಮನೆಗಳಲ್ಲಿ ಚಿಮಣಿಯನ್ನು ಆರಿಸುವವರು ಒಬ್ಬರು, ಒಲೆಯ ಮುಂದೆ ನಿಲ್ಲುವವರು ಇನ್ನೊಬ್ಬರು. ಖರೀದಿಗೆ ಹೋಗುವಾಗ ಅಡುಗೆ ಮಾಡುವವರನ್ನು ಕರೆದೊಯ್ಯತಕ್ಕದ್ದು.

ಅಗಲ ಮತ್ತು ಆಳ

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ 60, 75 ಮತ್ತು 90 ಸೆಂ.ಮೀ. ಅಗಲದ ಚಿಮಣಿಗಳು ದೊರೆಯುತ್ತವೆ. ಚಿಮಣಿಯ ಅಗಲವು ಒಲೆಯ ಅಗಲಕ್ಕಿಂತ ಯಾವ ಕಾರಣಕ್ಕೂ ಕಡಿಮೆ ಇರಬಾರದು. ಹೊಗೆ ನೇರ ಕಂಬದಂತೆ ಮೇಲೇರದೆ ಏರುತ್ತಾ ಏರುತ್ತಾ ಹರಡಿಕೊಳ್ಳುವುದರಿಂದ, ಒಲೆಯ ಎರಡೂ ಬದಿಗೆ 7 ಸೆಂ.ಮೀ.ನಷ್ಟು ಹೆಚ್ಚಿಗೆ ಇದ್ದಲ್ಲಿ ಉತ್ತಮ. ಈ ಲೆಕ್ಕದ ಪ್ರಕಾರ 60 ಸೆಂ.ಮೀ. ಅಗಲದ ಎರಡು ಉರಿಯ ಒಲೆಗೆ 60 ಸೆಂ.ಮೀ. ಚಿಮಣಿ ನಡೆಯುತ್ತದೆ, 75 ಸೆಂ.ಮೀ. ಚಿಮಣಿ ಸಮರ್ಪಕವಾಗುತ್ತದೆ. ಮೂರು ಅಥವಾ ನಾಲ್ಕು ಉರಿಯ ಒಲೆ 70 ಸೆಂ.ಮೀ. ಮೀರಿದ್ದಲ್ಲಿ 90 ಸೆಂ.ಮೀ. ಚಿಮಣಿಯನ್ನೇ ಆರಿಸಬೇಕು. ಉರಿಗಳ ಸಂಖ್ಯೆಯನ್ನು ಮಾತ್ರ ಹೇಳಿ ಚಿಮಣಿ ಕೊಳ್ಳುವುದು ಸರಿಯಲ್ಲ. ಒಂದೇ ಸಂಖ್ಯೆಯ ಉರಿಗಳಿರುವ ಒಲೆಗಳ ಅಗಲ ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಾಗುತ್ತದೆ.

ಅಗಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಆಳ, ಅಂದರೆ ಗೋಡೆಯಿಂದ ಮುಂದಕ್ಕೆ ಚಾಚುವ ಅಳತೆ. ನಮ್ಮ ಅಡುಗೆ ಕಟ್ಟೆಗಳು ಸಾಮಾನ್ಯವಾಗಿ 2 ಅಡಿ ಆಳವಾಗಿದ್ದು, ಒಲೆಯನ್ನು ಕಟ್ಟೆಯ ಅಂಚಿನ ಕಡೆಗೆ ಎಳೆದು ಇಡುವುದು ರೂಢಿ. ನಾಲ್ಕು ಉರಿಯ ಒಲೆಯಲ್ಲಿ ದೊಡ್ಡ ಉರಿ ಮುಂಭಾಗದಲ್ಲಿದ್ದು, ಬಾಣಲೆಯನ್ನು ಅದರ ಮೇಲೆಯೇ ಇಡಲಾಗುತ್ತದೆ. ಚಿಮಣಿಯ ಮುಂದಿನ ಅಂಚು ಆ ಬಾಣಲೆಯ ಮಧ್ಯಭಾಗದವರೆಗಾದರೂ ಬರದಿದ್ದಲ್ಲಿ ಹೊಗೆಯು ಚಿಮಣಿಯ ಮುಂದಿನಿಂದಲೇ ಮೇಲೇರಿ ಅಡುಗೆ ಮಾಡುವವರ ಮುಖಕ್ಕೆ ಬಡಿಯುತ್ತದೆ. ಓರೆಯಾಗಿ ನಿಲ್ಲುವ ಗಾಜಿನ ಮುಖದ ಮಾದರಿಗಳು ನೋಡಲು ಚೆಂದವಾಗಿದ್ದರೂ ಅವುಗಳ ಕೆಳಭಾಗ ಗೋಡೆಯ ಕಡೆಗೆ ಸರಿದಿರುತ್ತದೆ ಎಂಬುದನ್ನು ಗಮನಿಸುವುದು. ಇಂತಹ ಮಾದರಿಯನ್ನು ಕೊಂಡವರು ಒಲೆಯನ್ನು ಗೋಡೆಯತ್ತ ಸರಿಸಿಡುವುದು ಹಾಗೂ ಕರಿಯುವ ಕೆಲಸವನ್ನು ಹಿಂದಿನ ಉರಿಯ ಮೇಲೆ ಮಾಡುವುದು ಒಳ್ಳೆಯದು.

ಎತ್ತರ

ಮನೆಬಳಕೆಯ ಚಿಮಣಿಗಳ ಸುರಕ್ಷತೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕ ಐಇಸಿ 60335-2-31ರ ಪ್ರಕಾರ, ಗ್ಯಾಸ್ ಒಲೆಯಲ್ಲಿ ಪಾತ್ರೆ ಕೂರುವ ಮಟ್ಟದಿಂದ ಚಿಮಣಿಯ ಕೆಳ ಅಂಚಿಗೆ ಸಾಮಾನ್ಯವಾಗಿ ಕನಿಷ್ಠ 65 ಸೆಂ.ಮೀ. ಅಂತರವಿರಬೇಕು. ಇದಕ್ಕಿಂತ ಕೆಳಗಾದಲ್ಲಿ ಉರಿಯ ಶಾಖಕ್ಕೆ ಯಂತ್ರ ಕೆಡುತ್ತದೆ, ಬೆಂಕಿಯ ಅಪಾಯವೂ ಇದೆ. 75 ಸೆಂ.ಮೀ.ಗಿಂತ ಬಹಳ ಮೇಲಾದಲ್ಲಿ ಹೊಗೆ ಬದಿಗೆ ಜಾರಿಹೋಗುತ್ತದೆ. ತಯಾರಕರ ಕೈಪಿಡಿಯಲ್ಲಿ ಬೇರೆ ಅಳತೆ ನಮೂದಾಗಿದ್ದಲ್ಲಿ ಅದನ್ನೇ ಅನುಸರಿಸತಕ್ಕದ್ದು.

ಕಟ್ಟೆಯ ಎತ್ತರ 82 ಸೆಂ.ಮೀ., ಒಲೆಯ ಎತ್ತರ 12 ಸೆಂ.ಮೀ. ಎಂದು ಹಿಡಿದರೆ, ಚಿಮಣಿಯ ಕೆಳ ಅಂಚು ನೆಲದಿಂದ 159ರಿಂದ 169 ಸೆಂ.ಮೀ. ಎತ್ತರಕ್ಕೆ ಬರುತ್ತದೆ. ಇದು ಸುಮಾರಾಗಿ ವಯಸ್ಕರ ಹಣೆಯ ಮಟ್ಟ. ಆಳವಾದ ಚಿಮಣಿಗೆ ತಲೆ ತಗುಲುವ ಸಂಭವವಿರುವುದರಿಂದ, ಗೋಡೆಗೆ ರಂಧ್ರ ಕೊರೆಯುವ ಮೊದಲು ರಟ್ಟಿನ ಪೆಟ್ಟಿಗೆಯೊಂದನ್ನು ಅದೇ ಎತ್ತರದಲ್ಲಿ ಹಿಡಿಸಿ, ಅಡುಗೆ ಮಾಡುವವರು ಕೆಳಗೆ ನಿಂತು ನೋಡುವುದು. ಐದು ನಿಮಿಷದ ಈ ಕೆಲಸದಿಂದ ಮುಂದೆ ಹತ್ತು ವರ್ಷದ ಕಿರಿಕಿರಿ ತಪ್ಪುತ್ತದೆ.

ಹೀರುವ ಸಾಮರ್ಥ್ಯದ ಲೆಕ್ಕ

ಈ ಸಾಮರ್ಥ್ಯವನ್ನು ಗಂಟೆಗೆ ಇಷ್ಟು ಘನ ಮೀಟರ್ ಗಾಳಿ ಎಂದು ನಮೂದಿಸಲಾಗುತ್ತದೆ. ಸಾಮಾನ್ಯವಾಗಿ ಹೇಳುವ ಲೆಕ್ಕವೆಂದರೆ, ಅಡುಗೆಮನೆಯ ಗಾಳಿ ಗಂಟೆಗೆ 10ರಿಂದ 12 ಬಾರಿ ಬದಲಾಗಬೇಕು ಎಂಬುದು. 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರದ ಅಡುಗೆಮನೆಯ ಘನ ಅಳತೆ 800 ಘನ ಅಡಿ, ಅಂದರೆ ಸುಮಾರು 22.7 ಘನ ಮೀಟರ್. ಇದನ್ನು 12ರಿಂದ ಗುಣಿಸಿದರೆ ಬರುವುದು 272. ಇದೇ ಅಡುಗೆಮನೆಗೆ ಅಂಗಡಿಯಲ್ಲಿ 1,200ರ ಯಂತ್ರವನ್ನು ತೋರಿಸುತ್ತಾರೆ. ಎರಡು ಅಂಕಿಗಳ ನಡುವೆ ಇಷ್ಟು ಅಂತರವೇಕೆ ಎಂದು ಗ್ರಾಹಕರಿಗೆ ಅನಿಸುವುದು ಸಹಜ.

ಕೋಣೆಯ ಗಾತ್ರದ ಲೆಕ್ಕ ಕೋಣೆಯ ಗಾಳಿಗೆ ಸಂಬಂಧಿಸಿದ್ದು. ಚಿಮಣಿಯ ಕೆಲಸ ಹೊಗೆ ಕೋಣೆಗೆ ಹರಡುವ ಮೊದಲೇ ಅದನ್ನು ಹಿಡಿಯುವುದು. ಆದ್ದರಿಂದ ಒಲೆಯ ಅಗಲದ ಮೇಲೆ ಹಾಕುವ ಲೆಕ್ಕವೇ ಹೆಚ್ಚು ಸಮಂಜಸ. ಅಮೆರಿಕದಲ್ಲಿ ರೂಢಿಯಲ್ಲಿರುವ ಕ್ರಮದಂತೆ, ಗೋಡೆಗೆ ಅಳವಡಿಸುವ ಚಿಮಣಿಗೆ ಒಲೆಯ ಪ್ರತಿ ಅಡಿ ಅಗಲಕ್ಕೆ ನಿಮಿಷಕ್ಕೆ 100 ಘನ ಅಡಿ, ಅಂದರೆ ಗಂಟೆಗೆ ಸುಮಾರು 170 ಘನ ಮೀಟರ್ ಹಿಡಿಯಲಾಗುತ್ತದೆ. 2 ಅಡಿಯ ಒಲೆಗೆ 340, 3 ಅಡಿಯ ಒಲೆಗೆ 510. ನಮ್ಮಲ್ಲಿ ದಿನವೂ ಒಗ್ಗರಣೆ, ಹಬ್ಬ ಬಂದರೆ ಚಕ್ಕುಲಿ, ಒಬ್ಬಟ್ಟು ಇರುವುದರಿಂದ ಅದರ ಮೇಲೆ ಅರ್ಧದಷ್ಟು ಸೇರಿಸಿದರೂ 2 ಅಡಿಯ ಒಲೆಗೆ 510 ಸಾಕಾಗುತ್ತದೆ.

ಆದರೆ ಈ 510 ಗೋಡೆಯ ಆಚೆಗೆ ನಿಜವಾಗಿ ಹೊರಬೀಳುವ ಗಾಳಿಯಾಗಿರಬೇಕು. ಪೆಟ್ಟಿಗೆಯ ಮೇಲಿರುವ 1,000 ಅಥವಾ 1,200 ಎಂಬುದು ಯಂತ್ರದ ಗರಿಷ್ಠ ವೇಗದಲ್ಲಿ ದೊರೆಯುವ ಅಂಕಿ. ಕೊಳವೆಯ ಉದ್ದ, ತಿರುವು ಮತ್ತು ಜಾಲರಿಯ ಜಿಡ್ಡು ಸೇರಿ ಇದನ್ನು ಕಡಿಮೆ ಮಾಡುತ್ತವೆ. ಗರಿಷ್ಠ ವೇಗದ ಸದ್ದಿಗೆ ಬೇಸತ್ತು ಹೆಚ್ಚಿನವರು ಕಡಿಮೆ ವೇಗದಲ್ಲಿಯೇ ಬಳಸುತ್ತಾರೆ. ಇದೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಎರಡು ಅಥವಾ ಮೂರು ಉರಿಯ ಒಲೆಯಿರುವ ಸಾಧಾರಣ ಕುಟುಂಬಕ್ಕೆ 800ರಿಂದ 1,000 ಎಂದು ನಮೂದಾಗಿರುವ ಯಂತ್ರ ಸಾಲುತ್ತದೆ ಎಂಬುದು ನಮ್ಮ ಅಂದಾಜು. ಇದರ ಮೇಲಿನ ಅಂಕಿಗೆ ಕೊಡುವ ಹಣವನ್ನು ಒಳ್ಳೆಯ ಕೊಳವೆಗೆ ಖರ್ಚು ಮಾಡುವುದು ಲೇಸು. ವಿದ್ಯುತ್ ವೆಚ್ಚದ ಬಗ್ಗೆ ಆತಂಕ ಬೇಡ. 200 ವ್ಯಾಟ್‌ನ ಯಂತ್ರ ದಿನಕ್ಕೆ ಒಂದು ಗಂಟೆ ನಡೆದರೆ ತಿಂಗಳಿಗೆ 6 ಯೂನಿಟ್ ಮಾತ್ರ.

ಕೊಳವೆ

ಹೆಚ್ಚಿನ ಚಿಮಣಿಗಳ ಹೊರದಾರಿ 6 ಅಂಗುಲ ವ್ಯಾಸದ್ದು. ಗೋಡೆಯಲ್ಲಿ ಮೊದಲೇ ಇರುವ 4 ಅಂಗುಲದ ರಂಧ್ರಕ್ಕೆ ಹೊಂದಿಸಲು ಕೊಳವೆಯನ್ನು ಕಿರಿದುಗೊಳಿಸಿದಲ್ಲಿ, ವ್ಯಾಸ ಮೂರನೆಯ ಒಂದು ಭಾಗ ಕಡಿಮೆಯಾದಂತೆ ಕಂಡರೂ ದಾರಿಯ ವಿಸ್ತೀರ್ಣ ಮೊದಲಿನ ಶೇ. 44ಕ್ಕೆ ಇಳಿಯುತ್ತದೆ. ಈ ಟಿಪ್ಪಣಿಯನ್ನು ಸಿದ್ಧಪಡಿಸಿದವರ ಸ್ವಂತ ಮನೆಯಲ್ಲಿಯೂ ಹೀಗೆಯೇ ಆಗಿತ್ತು. ಅಳವಡಿಸಲು ಬಂದವರು ಗೋಡೆ ಒಡೆಯುವುದು ಬೇಡವೆಂದರು, ಮನೆಯವರಿಗೂ ಅದೇ ಹಿತವೆನಿಸಿತು. ಲೆಕ್ಕಪತ್ರದ ಕೆಲಸದಲ್ಲಿರುವವರಿಗೂ ಒಂದು ವೃತ್ತದ ವಿಸ್ತೀರ್ಣದ ಲೆಕ್ಕ ಆ ಹೊತ್ತಿಗೆ ಹೊಳೆಯಲಿಲ್ಲ. ಎರಡು ವರ್ಷ ಸದ್ದು ಮಾಡುತ್ತಾ ಹೊಗೆ ಹೀರದ ಯಂತ್ರವು, ರಂಧ್ರವನ್ನು 6 ಅಂಗುಲಕ್ಕೆ ಹಿಗ್ಗಿಸಿದ ದಿನದಿಂದ ಸರಿಯಾಗಿ ಕೆಲಸ ಮಾಡಿತು.

ಕೊಳವೆಯು ಸಾಧ್ಯವಾದಷ್ಟು ಗಿಡ್ಡವಾಗಿಯೂ ನೇರವಾಗಿಯೂ ಇರತಕ್ಕದ್ದು. ಎರಡಕ್ಕಿಂತ ಹೆಚ್ಚು ತಿರುವುಗಳು ಬೇಡ. ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಕೊಳವೆಗಿಂತ ಒಳಮೈ ನುಣುಪಾದ ಗಟ್ಟಿ ಕೊಳವೆಯಲ್ಲಿ ಗಾಳಿ ಸಲೀಸಾಗಿ ಸಾಗುತ್ತದೆ. ಸುಕ್ಕಿನ ಕೊಳವೆಯನ್ನೇ ಬಳಸಬೇಕಾದಲ್ಲಿ ಪೂರ್ತಿಯಾಗಿ ಎಳೆದು ಕಟ್ಟಿಸಬೇಕು. ಅಟ್ಟದೊಳಗೆ ಅಥವಾ ಸುಳ್ಳು ಚಾವಣಿಯೊಳಗೆ ಹೊಗೆಯನ್ನು ಬಿಡುವುದು ಸಲ್ಲದು. ವಸತಿ ಸಮುಚ್ಚಯಗಳಲ್ಲಿ ಹೊರಗೋಡೆಗೆ ರಂಧ್ರ ಮಾಡುವ ಮುನ್ನ ಸಂಘದ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯುವುದು.

ಕೊಳವೆಯಿಲ್ಲದ ಚಿಮಣಿಗಳೂ ಮಾರಾಟದಲ್ಲಿವೆ. ಇವು ಜಿಡ್ಡು ಮತ್ತು ವಾಸನೆಯನ್ನು ಇದ್ದಿಲಿನ ಶೋಧಕದಲ್ಲಿ ಹಿಡಿದು ಗಾಳಿಯನ್ನು ಕೋಣೆಗೇ ಮರಳಿಸುತ್ತವೆ. ಶಾಖ, ಹಬೆ ಮತ್ತು ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೇ ಉಳಿಯುತ್ತವೆ. ಬೇರೆ ದಾರಿಯೇ ಇಲ್ಲದ ಬಾಡಿಗೆ ಮನೆಗಳಿಗೆ ಮಾತ್ರ ಇವು ಯೋಗ್ಯ.

ಗಾಳಿ ಒಳಬರುವ ದಾರಿ ಮತ್ತು ಮುನ್ನೆಚ್ಚರಿಕೆ

ಹೊರಹೋದಷ್ಟೇ ಗಾಳಿ ಒಳಬರಲೇಬೇಕು. ಕಿಟಕಿ ಬಾಗಿಲುಗಳನ್ನು ಬಿಗಿಯಾಗಿ ಮುಚ್ಚಿ ದೊಡ್ಡ ಚಿಮಣಿಯನ್ನು ನಡೆಸಿದಾಗ, ಅದು ಸಿಕ್ಕ ಸಂದಿಯಿಂದ ಗಾಳಿಯನ್ನು ಎಳೆಯುತ್ತದೆ. ಮಲೆನಾಡಿನ ಕಡೆ ಅಡುಗೆಮನೆಗೆ ತಾಗಿಯೇ ಬಚ್ಚಲಿದ್ದು ಅಲ್ಲಿ ಹಂಡೆಯ ಒಲೆ ಉರಿಯುತ್ತಿರುತ್ತದೆ. ನಗರಗಳಲ್ಲಿ ಗ್ಯಾಸ್ ಗೀಸರ್ ಇರುತ್ತದೆ. ಇವುಗಳ ಹೊಗೆಕೊಳವೆಯಲ್ಲಿ ಗಾಳಿ ಹಿಮ್ಮುಖವಾಗಿ ಹರಿದು ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬರುವ ಅಪಾಯವಿದೆ. ಈ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ತಲೆನೋವು, ವಾಕರಿಕೆಯಿಂದ ಆರಂಭವಾಗಿ ಪ್ರಾಣಕ್ಕೇ ಎರವಾಗಬಹುದು. ಚಿಮಣಿ ನಡೆಯುವಾಗ ಅಡುಗೆಮನೆಯಲ್ಲಿ ಅಥವಾ ಪಕ್ಕದ ಕೋಣೆಯಲ್ಲಿ ಒಂದು ಕಿಟಕಿಯನ್ನು ತಪ್ಪದೆ ತೆರೆದಿಡತಕ್ಕದ್ದು. ಅಗತ್ಯಕ್ಕಿಂತ ದೊಡ್ಡ ಯಂತ್ರ ಬೇಡವೆನ್ನಲು ಇದೂ ಒಂದು ಕಾರಣ.

ಗ್ಯಾಸ್ ಸೋರಿಕೆಯ ವಾಸನೆ ಬಂದಾಗ ಅದನ್ನು ಹೊರಹಾಕಲೆಂದು ಚಿಮಣಿಯನ್ನು ಚಾಲೂ ಮಾಡಲೇಬಾರದು. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ಸಂಗ್ರಹವಾಗುತ್ತದೆ, ಮೇಲಿರುವ ಚಿಮಣಿ ಅದನ್ನು ಎಳೆಯಲಾರದು. ಸ್ವಿಚ್ಚಿನ ಒಂದು ಕಿಡಿ ಸಾಕು, ಅನಾಹುತವಾಗುತ್ತದೆ. ಯಾವುದೇ ಸ್ವಿಚ್ಚನ್ನು ಮುಟ್ಟದೆ, ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಬಂದು 1906ಕ್ಕೆ ಕರೆ ಮಾಡುವುದು.

ಖರೀದಿ ಮತ್ತು ದೂರು

ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಹಾಗೂ ತಯಾರಕರ ಹೆಸರು ಮತ್ತು ವಿಳಾಸ ಇರಬೇಕೆಂದು ಕಾನೂನು ಮಾಪನ (ಪೊಟ್ಟಣ ಸಾಮಗ್ರಿಗಳ) ನಿಯಮಗಳು, 2011 ವಿಧಿಸುತ್ತವೆ. ಕೊಳವೆಯ ಬೆಲೆ ಮತ್ತು ಅಳವಡಿಕೆಯ ಶುಲ್ಕ ಪ್ರತ್ಯೇಕವಾಗಿರುವುದು ಸಾಮಾನ್ಯವಾದ್ದರಿಂದ, ಹಣ ಪಾವತಿಸುವ ಮುನ್ನವೇ ಅವೆರಡನ್ನೂ ಬರೆಯಿಸಿಕೊಳ್ಳುವುದು. ವಾರಂಟಿ ಮೋಟಾರಿಗೆ ಎಷ್ಟು ವರ್ಷ, ಇಡೀ ಯಂತ್ರಕ್ಕೆ ಎಷ್ಟು ವರ್ಷ ಎಂದು ಬೇರೆಬೇರೆಯಾಗಿ ಕೇಳುವುದು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಮೋಟಾರಿನದು.

ರಸೀದಿ, ವಾರಂಟಿ ಪತ್ರ ಮತ್ತು ಅಳವಡಿಸಿದ ದಿನದ ಛಾಯಾಚಿತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ದೋಷವಿದ್ದು ಮಾರಾಟಗಾರರು ಸ್ಪಂದಿಸದಿದ್ದಲ್ಲಿ ಮೊದಲಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಇತ್ಯರ್ಥವಾಗದಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ, ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ಗ್ರಾಹಕರು ತಾವು ವಾಸವಿರುವ ಜಿಲ್ಲೆಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಮುಂದೆ ದೂರು ಸಲ್ಲಿಸಬಹುದು. ಖರೀದಿ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ದೂರಿಗೆ ಶುಲ್ಕವಿರುವುದಿಲ್ಲ. ದೂರಿನೊಂದಿಗೆ ಒಲೆಯ ಅಗಲ, ಚಿಮಣಿಯ ಎತ್ತರ ಮತ್ತು ಕೊಳವೆಯ ವ್ಯಾಸದ ಅಳತೆಗಳನ್ನು ಲಗತ್ತಿಸಿದಲ್ಲಿ, ದೋಷ ಯಂತ್ರದಲ್ಲಿದೆಯೋ ಅಳವಡಿಕೆಯಲ್ಲಿದೆಯೋ ಎಂಬುದನ್ನು ನಿರ್ಧರಿಸಲು ಅನುಕೂಲವಾಗುತ್ತದೆ.