ವಿಡಿಯೊ ಕರೆಯಲ್ಲಿ ಧ್ವನಿವಿಲಂಬ: ಒಂದು ಕಾರಣಮೀಮಾಂಸೆ

ವಿಡಿಯೊ ಕರೆಯಲ್ಲಿ ಒಬ್ಬರು ಆಡಿದ ಮಾತು ಇನ್ನೊಬ್ಬರ ಕಿವಿಗೆ ಬೀಳುವಷ್ಟರಲ್ಲಿ ಕಳೆಯುವ ಕಾಲವೇ ಧ್ವನಿವಿಲಂಬ. ಅದು ಮಿತಿಮೀರಿದಾಗಲೆಲ್ಲ ದೂರವನ್ನೋ ಇಂಟರ್ನೆಟ್ಟಿನ ವೇಗದ ಕೊರತೆಯನ್ನೋ ದೂರುವುದು ವಾಡಿಕೆಯಾಗಿದೆ. ಇವುಗಳಲ್ಲಿ ಮೊದಲನೆಯದು ಭಾಗಶಃ ಸತ್ಯ; ಎರಡನೆಯದು ಬಹುಮಟ್ಟಿಗೆ ಭ್ರಾಂತಿ. ಮಾತು ದಾರಿ ನಡೆಯುವ ಕಾಲಕ್ಕಿಂತ ದಾರಿಯುದ್ದಕ್ಕೂ ಅಲ್ಲಲ್ಲಿ ಕಾದು ನಿಲ್ಲುವ ಕಾಲವೇ ಅನೇಕ ವೇಳೆ ಹೆಚ್ಚೆಂಬುದನ್ನೂ, ಆ ಕಾಯುವಿಕೆಯಲ್ಲಿ ಕೆಲವಂಶ ಅನಿವಾರ್ಯ, ಕೆಲವಂಶ ಬುದ್ಧಿಪೂರ್ವಕ, ಉಳಿದುದು ನಿರರ್ಥಕವೆಂಬುದನ್ನೂ ನಿರೂಪಿಸುವುದು ಈ ಲೇಖನದ ಉದ್ದೇಶ.

ಎಷ್ಟು ವಿಲಂಬ ಸಹ್ಯವೆಂಬುದಕ್ಕೆ ಅಳತೆಗೋಲು ಉಂಟು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಎಂಬ ಶಿಫಾರಸು, ಒಮ್ಮುಖ ವಿಲಂಬ 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆಗೆ ಸಾಮಾನ್ಯವಾಗಿ ಬಾಧೆಯಿಲ್ಲವೆಂದೂ, ಜಾಲವನ್ನು ಯೋಜಿಸುವವರು 400ನ್ನು ಮೀರಗೊಡಬಾರದೆಂದೂ ವಿಧಿಸುತ್ತದೆ. ಹತ್ತು ಭಾಷೆಗಳ ಸಂಭಾಷಣೆಯನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪ್ರಶ್ನೆ ಮುಗಿದು ಉತ್ತರ ಮೊದಲಾಗುವುದರ ನಡುವಿನ ಅಂತರ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸಿನದು. ಈಗ ಒಮ್ಮುಖ ವಿಲಂಬ 300 ಮಿಲಿಸೆಕೆಂಡೆಂದು ಭಾವಿಸೋಣ. ಬೆಂಗಳೂರಿನ ತಾಯಿ “ಊಟ ಆಯ್ತೇನೋ?” ಎಂದು ಕೇಳುತ್ತಾಳೆ, ಸ್ಯಾನ್ ಫ್ರಾನ್ಸಿಸ್ಕೋದ ಮಗ ಅದು ಕೇಳಿಸಿದ 200 ಮಿಲಿಸೆಕೆಂಡಿಗೆ “ಆಯ್ತಮ್ಮಾ” ಎನ್ನುತ್ತಾನೆ, ಹೋಗುವ 300, ಬರುವ 300 ಸೇರಿ ತಾಯಿಯ ಪಾಲಿಗೆ ಆ ಮೌನ 800 ಮಿಲಿಸೆಕೆಂಡಿನದಾಗುತ್ತದೆ. ಮಗನಿಗೆ ಕೇಳಿಸಲಿಲ್ಲವೆಂದು ಬಗೆದು ಆಕೆ “ಏನೋ, ಕೇಳಿಸ್ತಾ?” ಎನ್ನುವಷ್ಟರಲ್ಲಿ ಹಿಂದಿನ ಉತ್ತರ ಬಂದು ಅದರೊಡನೆ ತಾಕಲಾಡುತ್ತದೆ. ಇಬ್ಬರೂ ಒಮ್ಮೆಲೇ ಮಾತನಾಡಿ ಒಮ್ಮೆಲೇ ನಿಲ್ಲುವ ಈ ಗೊಂದಲಕ್ಕೆ ಅವರ ಅವಸರ ಕಾರಣವಲ್ಲ, ವಿಲಂಬದ ಗಣಿತ ಕಾರಣ.

ಆ ಮಾತಿನ ಪ್ರಯಾಣವನ್ನು ಮೊದಲಿನಿಂದ ಪರಿಶೀಲಿಸೋಣ. ಮೈಕ್ ಗ್ರಹಿಸಿದ ಧ್ವನಿಯನ್ನು ಸೆಕೆಂಡಿಗೆ 48,000 ಬಾರಿ ಅಳೆದು ಅಂಕಿಗಳಾಗಿ ಪರಿವರ್ತಿಸುವುದು ರೂಢಿ. 2012ರಲ್ಲಿ ಪ್ರಮಾಣೀಕೃತವಾಗಿ ಇಂದು ಬಹುವಾಗಿ ಬಳಕೆಯಲ್ಲಿರುವ, ಧ್ವನಿಯನ್ನು ಸಂಕುಚಿಸುವ ಓಪಸ್ ಕೋಡೆಕ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಧ್ವನಿಯನ್ನು, ಎಂದರೆ 960 ಅಂಕಿಗಳನ್ನು, ಒಂದು ಕಂತಾಗಿ ಕಟ್ಟುತ್ತದೆ. ಕಂತು ತುಂಬುವವರೆಗೂ ಅದರ ಮೊದಲ ಅಂಕಿ ಕಾದಿರಲೇಬೇಕು. ಕೋಡೆಕ್ ಮುಂದಿನ ಧ್ವನಿಯತ್ತ ಇಣುಕುವುದಕ್ಕೆ ಮತ್ತೆ 6.5 ಮಿಲಿಸೆಕೆಂಡು ಬೇಕು. ಹೀಗೆ ಮಾತು ಮನೆಯ ಹೊಸ್ತಿಲು ದಾಟುವ ಮೊದಲೇ 26.5 ಮಿಲಿಸೆಕೆಂಡು ಸಂದಿರುತ್ತದೆ. ಆದರೆ ಸೆಕೆಂಡಿಗೆ 32 ಕಿಲೋಬಿಟ್ ದರದಲ್ಲಿ ಈ ಕಂತಿನ ಗಾತ್ರ ಬರಿಯ 80 ಬೈಟ್. ವಿಳಾಸಾದಿ ವಿವರಗಳ 40 ಬೈಟನ್ನು ಕೂಡಿಸಿದರೂ 120. ಇಷ್ಟು ಅಲ್ಪವಾದ ಹೊರೆಯನ್ನು ಸಾಗಿಸಲು ನೂರು ಮೆಗಾಬಿಟ್ಟಿನ ಸಂಪರ್ಕವೇನೂ ಬೇಕಿಲ್ಲವಾದುದರಿಂದ, ವೇಗ ಸಾಲದೆಂಬ ವಾದ ಇಲ್ಲಿಗೇ ಸಡಿಲಾಗುತ್ತದೆ.

ದೂರದ ಪಾಲನ್ನು ಲೆಕ್ಕಹಾಕುವುದು ಸುಲಭ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಕ್ರಮಿಸುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಭೂಗೋಳದ ಮೇಲಿನ ಅತಿಸಮೀಪದ ದಾರಿ ಸುಮಾರು 14,000 ಕಿಲೋಮೀಟರ್. ಆದುದರಿಂದ ಕನಿಷ್ಠ 70 ಮಿಲಿಸೆಕೆಂಡು ಬೇಕೇಬೇಕು. ಸಮುದ್ರತಳದ ಕೇಬಲ್ಲುಗಳು ನೇರವಾಗಿ ಸಾಗದ ಕಾರಣ ವಾಸ್ತವದಲ್ಲಿ ಇನ್ನಷ್ಟು ಹಿಡಿಯುತ್ತದೆ. ಕರೆಯನ್ನು ನಡೆಸುವ ಸರ್ವರ್ ದೂರದ ದೇಶದಲ್ಲಿದ್ದರೆ, ಒಂದೇ ಊರಿನ ಇಬ್ಬರ ಮಾತೂ ಅಲ್ಲಿಗೆ ಹೋಗಿ ಮರಳಬೇಕಾದೀತು.

ಇನ್ನು ನಿರರ್ಥಕವಾದ ಕಾಯುವಿಕೆ. ಮನೆಯಿಂದ ಹೊರಹೋಗುವ ದಾರಿ 2 ಮೆಗಾಬಿಟ್ಟಿನದಾಗಿದ್ದು, ಕರೆ ನಡೆಯುತ್ತಿರುವಾಗಲೇ ಇನ್ನೊಂದು ಕೋಣೆಯ ಫೋನು ಮದುವೆಯ ಫೋಟೋಗಳನ್ನು ಏರಿಸತೊಡಗಿತೆನ್ನೋಣ. ರೌಟರಿನ ಸರದಿಯಲ್ಲಿ ಎರಡೂವರೆ ಲಕ್ಷ ಬೈಟಿಗೆ ಎಡೆಯಿದ್ದರೆ ಫೋಟೋಗಳು ಅದಷ್ಟನ್ನೂ ತುಂಬುತ್ತವೆ; ಅವುಗಳ ಹಿಂದೆ ನಿಂತ 120 ಬೈಟಿನ ಮಾತು ಪೂರ್ತಿ ಒಂದು ಸೆಕೆಂಡು ಕಾಯುತ್ತದೆ. ಖಂಡಾಂತರ ಪ್ರಯಾಣಕ್ಕೆ ಬೇಕಾದ ಕಾಲದ ಹದಿನಾಲ್ಕು ಪಟ್ಟು ಮನೆಯ ಮೂಲೆಯೊಂದರಲ್ಲಿಯೇ ವ್ಯಯವಾದಂತಾಯಿತು. ಮೆಮೊರಿ ಚಿಪ್‌ಗಳು ಅಗ್ಗವಾದಂತೆಲ್ಲ ತಯಾರಕರು ಸರದಿಗಳನ್ನು ವಿವೇಚನೆಯಿಲ್ಲದೆ ಹಿಗ್ಗಿಸಿದುದರ ಫಲವಾದ ಈ ದೋಷವನ್ನು ಜಿಮ್ ಗೆಟ್ಟಿಸ್ ಅವರು ಬಫರ್‌ಬ್ಲೋಟ್ ಎಂಬ ಹೆಸರಿನಿಂದ ಲೋಕದ ಗಮನಕ್ಕೆ ತಂದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಅವರು ಪ್ರಕಟಿಸಿದ ಕೋಡೆಲ್ ಎಂಬ ಕ್ರಮವು ಸರದಿಯ ಉದ್ದವನ್ನು ಅಳೆಯದೆ ಕಾಯುವ ಕಾಲವನ್ನು ಅಳೆದು, ಅದು 100 ಮಿಲಿಸೆಕೆಂಡಿನ ಅವಧಿಯುದ್ದಕ್ಕೂ 5ಕ್ಕಿಂತ ಕೆಳಗಿಳಿಯದಿದ್ದಲ್ಲಿ ಪ್ಯಾಕೆಟ್ಟುಗಳನ್ನು ಬಿಸುಡುತ್ತದೆ. ಕಳುಹಿಸುವ ಯಂತ್ರ ಅದನ್ನು ಕಂಡು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ.

ಮೂರನೆಯದು ಬುದ್ಧಿಪೂರ್ವಕವಾದ ಕಾಯುವಿಕೆ. ವೈಫೈಯಲ್ಲಿ ಒಂದು ಚಾನೆಲ್ಲಿನ ಉಪಕರಣಗಳೆಲ್ಲ ಒಂದರ ಬಳಿಕ ಒಂದರಂತೆ ಮಾತನಾಡಬೇಕಾಗಿರುವುದರಿಂದಲೂ, ದಾರಿಯ ದಟ್ಟಣೆ ಕ್ಷಣಕ್ಷಣಕ್ಕೆ ಬದಲಾಗುವುದರಿಂದಲೂ, 20 ಮಿಲಿಸೆಕೆಂಡಿಗೊಂದರಂತೆ ಹೊರಟ ಕಂತುಗಳು ಅದೇ ಅಂತರದಲ್ಲಿ ಬಂದು ತಲುಪುವುದಿಲ್ಲ. ಹೊತ್ತಿಲ್ಲದ ಹೊತ್ತಿನಲ್ಲಿ ಹರಿದು ಬಂದ ನೀರನ್ನು ಕೆರೆ ತುಂಬಿಕೊಂಡು ತೂಬಿನಿಂದ ಸಮನಾಗಿ ಬಿಡುವಂತೆ, ಕೇಳುವವರ ಯಂತ್ರದ ಜಿಟ್ಟರ್ ಬಫರ್ ಈ ಕಂತುಗಳನ್ನು ಕೂಡಿಟ್ಟು ಸಮಗತಿಯಲ್ಲಿ ನುಡಿಸುತ್ತದೆ. ಏರುಪೇರು ಹೆಚ್ಚಿದಷ್ಟೂ ಸಂಗ್ರಹವೂ ವಿಲಂಬವೂ ಹೆಚ್ಚುತ್ತವೆ. ಇದಲ್ಲದೆ ಎರಡು ತುದಿಗಳ ಗಡಿಯಾರಗಳು ಒಂದೇ ಗತಿಯಲ್ಲಿ ನಡೆಯುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದು, ಕಳುಹಿಸುವ ಗಡಿಯಾರ ವೇಗವಾಗಿ ನಡೆದರೆ, ಒಂದು ಗಂಟೆಯ ಕರೆಯಲ್ಲಿ 180 ಮಿಲಿಸೆಕೆಂಡಿನಷ್ಟು ಧ್ವನಿ ಮಿಕ್ಕು ಬೀಳುತ್ತದೆ. ತಂತ್ರಾಂಶ ಅದನ್ನು ಆಗಾಗ ಕತ್ತರಿಸಿ ಸರಿಹೊಂದಿಸದಿದ್ದರೆ ಕರೆ ಬೆಳೆದಂತೆ ವಿಲಂಬವೂ ಬೆಳೆಯುತ್ತದೆ. ಕಚೇರಿಯ ಫೈರ್‌ವಾಲು, ಕಳೆದುಹೋದ ಕಂತಿಗಾಗಿ ಕಾಯದ ಯುಡಿಪಿ ಎಂಬ ಸಾಗಣೆಯ ಕ್ರಮವನ್ನು ತಡೆದು, ಧ್ವನಿಯನ್ನು ಪ್ರತಿ ಕಂತನ್ನೂ ಸರದಿಯಂತೆಯೇ ತಲುಪಿಸುವ ಟಿಸಿಪಿಯ ಮೂಲಕವೇ ಹಾಯಿಸಿದಲ್ಲಿ ತೊಡಕು ಇಮ್ಮಡಿ: ಕಳೆದುಹೋದ ಒಂದು ಕಂತು ಮರಳಿ ಬರುವವರೆಗೆ ಅದರ ಹಿಂದಿನವೆಲ್ಲ ತಲುಪಿದ್ದರೂ ತಡೆದು ನಿಲ್ಲಬೇಕಾಗುತ್ತದೆ.

ಚಿತ್ರದ ದೆಸೆಯಿಂದಲೂ ಧ್ವನಿ ತಡವಾಗುವುದುಂಟು. ದೂರದರ್ಶನ ಪ್ರಸಾರಕ್ಕಾಗಿ 1998ರಲ್ಲಿ ಹೊರಬಂದ ಬಿಟಿ.1359 ಶಿಫಾರಸಿನ ಪ್ರಕಾರ ಧ್ವನಿಯು ತುಟಿಯ ಚಲನೆಗಿಂತ 45 ಮಿಲಿಸೆಕೆಂಡು ಮುಂದಾದರೆ, ಅಥವಾ 125 ಹಿಂದಾದರೆ, ನೋಡುವವರಿಗೆ ಗೊತ್ತಾಗುತ್ತದೆ. ಚಿತ್ರದ ಸಂಸ್ಕರಣಕ್ಕೆ ಹೆಚ್ಚು ಕಾಲ ಬೇಕಾಗುವುದರಿಂದ ತಂತ್ರಾಂಶವು ಸಿದ್ಧವಾಗಿರುವ ಧ್ವನಿಯನ್ನು ಚಿತ್ರಕ್ಕಾಗಿ ತಡೆಹಿಡಿಯುತ್ತದೆ. ಕ್ಯಾಮೆರಾ ಆರಿಸಿದರೆ ಕೆಲವೊಮ್ಮೆ ಮಾತು ಚುರುಕಾಗುವುದಕ್ಕೆ ಇದೂ ಒಂದು ಕಾರಣ. ಬ್ಲೂಟೂತ್ ಇಯರ್‌ಫೋನು ತನ್ನ ಪಾಲಿನ ವಿಲಂಬವನ್ನು ಕೊನೆಯಲ್ಲಿ ಸೇರಿಸುತ್ತದೆ.

ಈ ವಿವೇಚನೆಯಿಂದ ಫಲಿಸುವ ನಿರ್ಣಯವಿಷ್ಟು. ಬೆಳಕಿನ ವೇಗಕ್ಕೆ ಪ್ರತೀಕಾರವಿಲ್ಲ. ಕಂತು ಕಟ್ಟುವ ಕಾಲವೂ ಏರುಪೇರು ತಿದ್ದುವ ಕಾಲವೂ ಧ್ವನಿಯ ಸ್ಪಷ್ಟತೆಗಾಗಿ ನಾವು ತೆರುವ ಬೆಲೆ. ಸರದಿಯಲ್ಲಿ ವ್ಯರ್ಥವಾಗುವ ಕಾಲಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. ಸೇವೆ ಒದಗಿಸುವವರು ಮೆಗಾಬಿಟ್ಟುಗಳನ್ನಷ್ಟೇ ಜಾಹೀರು ಮಾಡದೆ, ಸಂಪರ್ಕವು ಪೂರ್ಣಭಾರದಲ್ಲಿರುವಾಗ ವಿಲಂಬ ಎಷ್ಟೆಂಬುದನ್ನೂ ಪ್ರಕಟಿಸಬೇಕು. ಕೊಳ್ಳುವವರೂ ಅದನ್ನೇ ಮೊದಲು ಕೇಳಬೇಕು.