ಪೆಪ್ಪರ್: ಹಿಪ್ಪಲಿಯ ಹೆಸರು, ಮೆಣಸಿನ ಪಾಲು

ಶಿವರಾತ್ರಿಯ ಆಸುಪಾಸಿನಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತೋಟಿಗರ ಮನೆಗೆ ಹೋದರೆ ಅಂಗಳದ ಒಂದು ಬದಿಯಲ್ಲಿ ಕಾಳುಮೆಣಸು ಒಣಗುತ್ತಿರುವುದನ್ನು ಕಾಣಬಹುದು. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿಂದ, ಏಣಿ ಹತ್ತಿ ಕೊಯ್ದ ಹಸಿರು ಕರೆಗಳು ನಾಲ್ಕಾರು ಬಿಸಿಲು ಕಾಣುವಷ್ಟರಲ್ಲಿ ಕಪ್ಪಾಗಿ ಸುಕ್ಕುಗಟ್ಟುತ್ತವೆ. ಇದಕ್ಕೆ ಇಂಗ್ಲಿಷಿನಲ್ಲಿ 'ಪೆಪ್ಪರ್' ಎನ್ನುತ್ತಾರೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಆ ಶಬ್ದ ಹುಟ್ಟಿದ್ದು ಈ ಕಾಳಿಗಾಗಿ ಅಲ್ಲ. ಅದು ಇದರ ದಾಯಾದಿಯೊಂದರ ಹೆಸರು. ಆ ದಾಯಾದಿಯ ಹೆಸರು ಕನ್ನಡದಲ್ಲಿ ಹಿಪ್ಪಲಿ.

ಸಂಸ್ಕೃತದ 'ಪಿಪ್ಪಲೀ' ಎಂಬ ಶಬ್ದವೇ ಎರಡಕ್ಕೂ ಮೂಲ. ಹಳಗನ್ನಡದ 'ಪಾಲು' ಹೊಸಗನ್ನಡದಲ್ಲಿ 'ಹಾಲು' ಆದ ಹಾಗೆಯೇ ಪಿಪ್ಪಲಿ ನಮ್ಮಲ್ಲಿ ಹಿಪ್ಪಲಿಯಾಯಿತು. ಪಶ್ಚಿಮಕ್ಕೆ ಹೊರಟ ಅದೇ ಶಬ್ದ ಇರಾನಿನ ಕಡೆಯ ನಾಲಿಗೆಗಳನ್ನು ದಾಟುವಾಗ ಲಕಾರವನ್ನು ಕಳೆದುಕೊಂಡು ರಕಾರವನ್ನು ಪಡೆಯಿತೆಂದು ಭಾಷಾಶಾಸ್ತ್ರಜ್ಞರ ಊಹೆ. ಗ್ರೀಕರಲ್ಲಿ ಅದು 'ಪೆಪೆರಿ', ರೋಮನರ ಲ್ಯಾಟಿನ್ನಿನಲ್ಲಿ 'ಪಿಪೆರ್', ಹಳೆಯ ಇಂಗ್ಲಿಷಿನಲ್ಲಿ 'ಪಿಪೊರ್', ಕೊನೆಗೆ 'ಪೆಪ್ಪರ್'. ಜರ್ಮನರ 'ಫೆಫರ್', ಫ್ರೆಂಚರ 'ಪ್ವಾವ್ರ್', ಇಟಲಿಯವರ 'ಪೆಪೆ' ಎಲ್ಲವೂ ಇದರ ಮಕ್ಕಳೇ.

ಹೆಸರು ಒಂದರದು, ವಸ್ತು ಇನ್ನೊಂದು ಆದದ್ದು ಹೇಗೆ? ಹಿಪ್ಪಲಿ ಮೊದಲು ಹೊರಟಿತು. ಉತ್ತರ ಭಾರತದಿಂದ ನೆಲದ ದಾರಿಯಲ್ಲಿ ಪಶ್ಚಿಮಕ್ಕೆ ಹೋದ ಈ ಉದ್ದನೆಯ, ಗಂಟುಗಂಟಾದ ಕಾಯಿಯನ್ನು ಗ್ರೀಕ್ ವೈದ್ಯರು ಔಷಧಿಗೆ ಬಳಸಿದರು. ದಕ್ಷಿಣದ ಪಶ್ಚಿಮ ಕರಾವಳಿಯಿಂದ ಕಾಳುಮೆಣಸು ದೊಡ್ಡ ಪ್ರಮಾಣದಲ್ಲಿ ಹಡಗೇರಿದ್ದು ಆ ಬಳಿಕ, ರೋಮನ್ ವರ್ತಕರು ಮಾನ್ಸೂನ್ ಗಾಳಿಯನ್ನು ನೆಚ್ಚಿ ನೇರ ಸಮುದ್ರ ದಾಟತೊಡಗಿದ ಮೇಲೆ. ಎರಡೂ ಖಾರ, ಎರಡೂ ಭಾರತದವು. ಹಿಪ್ಪಲಿಯ ಹೆಸರನ್ನೇ ಹೊಸದಕ್ಕೂ ಹಚ್ಚಲಾಯಿತು. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಕೊಡುವ ಧಾರಣೆಯಲ್ಲಿ ಒಂದು ಪೌಂಡು ಹಿಪ್ಪಲಿಗೆ 15 ದಿನಾರಿ, ಬಿಳಿ ಮೆಣಸಿಗೆ 7, ಕರಿಮೆಣಸಿಗೆ 4. ಅಗ್ಗವಾದದ್ದೇ ಕೊನೆಗೆ ಗೆದ್ದಿತು. ಯುರೋಪಿನ ಅಡುಗೆಮನೆಯಿಂದ ಹಿಪ್ಪಲಿ ಕ್ರಮೇಣ ಮರೆಯಾಯಿತು. ಅದರ ಹೆಸರು ಮಾತ್ರ ಉಳಿದು ಕಾಳುಮೆಣಸಿನ ಪಾಲಾಯಿತು.

ನಮ್ಮವರು ಈ ವಿಷಯದಲ್ಲಿ ಎಡವಲಿಲ್ಲ. ಆಯುರ್ವೇದದ 'ತ್ರಿಕಟು'ವಿನಲ್ಲಿ ಶುಂಠಿಯ ಜೊತೆಗೆ ಪಿಪ್ಪಲಿ, ಮರೀಚ ಎರಡೂ ಬೇರೆಬೇರೆಯಾಗಿಯೇ ಇವೆ. ಮರೀಚವೆಂದರೆ ಕಾಳುಮೆಣಸು. ದಕ್ಷಿಣದ ಭಾಷೆಗಳಿಗಂತೂ ಇದಕ್ಕೆ ಸ್ವಂತದ ಹೆಸರೇ ಇತ್ತು. ಕನ್ನಡದ ಮೆಣಸು, ತಮಿಳಿನ ಮಿಳಗು, ಮಲಯಾಳದ ಮುಳಗು ಒಂದೇ ಬೇರಿನವು. ಈ ಬೇರು ಇಂಗ್ಲಿಷಿಗೆ ಹೋಗಲೇ ಇಲ್ಲವೆಂದಲ್ಲ. ತಮಿಳರ 'ಮಿಳಗು ತಣ್ಣೀರ್', ಅಂದರೆ ಮೆಣಸಿನ ನೀರು, ಮದರಾಸಿನ ಇಂಗ್ಲಿಷರ ಬಾಯಲ್ಲಿ 'ಮುಲ್ಲಿಗಟಾನಿ' ಎಂಬ ಸೂಪಾಗಿ ಅವರ ನಿಘಂಟನ್ನು ಸೇರಿದೆ.

ಇಂಗ್ಲೆಂಡಿನಲ್ಲಿ ಪೆಪ್ಪರ್ ಬಹುಕಾಲ ಅಡುಗೆಯ ಸಾಮಗ್ರಿಗಿಂತ ಹೆಚ್ಚಾಗಿ ಸೊತ್ತಾಗಿತ್ತು. ಕ್ರಿ.ಶ. 408ರಲ್ಲಿ ರೋಮ್ ನಗರವನ್ನು ಮುತ್ತಿದ ಗಾಥರ ದೊರೆ ಅಲಾರಿಕ್, ಚಿನ್ನ ಬೆಳ್ಳಿಗಳ ಜೊತೆಗೆ 3000 ಪೌಂಡು ಮೆಣಸನ್ನೂ ಕಪ್ಪವಾಗಿ ಪಡೆದಿದ್ದ. 735ರಲ್ಲಿ ತೀರಿಕೊಂಡ ಇಂಗ್ಲಿಷ್ ಸನ್ಯಾಸಿ ಬೀಡ್, ಸಾಯುವ ಮುನ್ನ ತನ್ನ ಪೆಟ್ಟಿಗೆ ತೆರೆಸಿ ಸಂಗಾತಿಗಳಿಗೆ ಹಂಚಿದ ಅಲ್ಪಸ್ವಲ್ಪ ವಸ್ತುಗಳಲ್ಲಿ ಧೂಪದೊಂದಿಗೆ ಮೆಣಸೂ ಇತ್ತು. ಮಧ್ಯಯುಗದಲ್ಲಿ ಗೇಣಿಯನ್ನೂ ಮೆಣಸಿನಲ್ಲಿ ಕೊಡುವುದಿತ್ತು. ಮುಂದೆ ಮೆಣಸು ಅಗ್ಗವಾಯಿತು, ಮಾತು ತಿರುಗಿತು. ಇಂದು ಇಂಗ್ಲಿಷ್ ಕಾನೂನಿನಲ್ಲಿ 'ಪೆಪ್ಪರ್‌ಕಾರ್ನ್ ರೆಂಟ್' ಎಂದರೆ ಹೆಸರಿಗಷ್ಟೇ ಇರುವ ಬಾಡಿಗೆ. ಒಂದು ಕಾಲಕ್ಕೆ ಭಾರವಾಗಿದ್ದ ಶಬ್ದ ಇಷ್ಟು ಹಗುರಾದದ್ದಕ್ಕೆ ಬೇರೆ ಉದಾಹರಣೆ ಹುಡುಕುವುದು ಕಷ್ಟ.

ಆದರೆ ಅದನ್ನು ಬೆಳೆದ ನಾಡಿನಲ್ಲಿ ಅದು ಹಗುರವಾಗಿರಲಿಲ್ಲ. ಸಿದ್ದಾಪುರದಿಂದ ಘಟ್ಟ ಇಳಿದರೆ ಸಿಗುವ, ಈಗ ಹೊನ್ನಾವರ ತಾಲ್ಲೂಕಿಗೆ ಸೇರಿದ ಗೇರುಸೊಪ್ಪೆಯನ್ನು 16ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದವಳು ಚೆನ್ನಭೈರಾದೇವಿ. ಘಟ್ಟದ ಮೆಣಸು ಅವಳ ನೆಲದ ಮೂಲಕ ಶರಾವತಿಯ ಮುಖಕ್ಕೆ, ಭಟ್ಕಳದ ಬಂದರಕ್ಕೆ ಇಳಿಯಬೇಕಿತ್ತು. ಪೋರ್ಚುಗೀಸರು ಅವಳನ್ನು 'ರೈನ್ಹಾ ದ ಪಿಮೆಂಟಾ', ಮೆಣಸಿನ ರಾಣಿ, ಎಂದು ಕರೆದರು. ಇದರಲ್ಲಿ ಹಿಪ್ಪಲಿಯ ಸುಳಿವಿಲ್ಲ ಎಂಬುದನ್ನು ಗಮನಿಸಬೇಕು. 'ಪಿಮೆಂಟಾ' ಬಂದದ್ದು ಬಣ್ಣ ಎಂಬರ್ಥದ ಲ್ಯಾಟಿನ್ ಶಬ್ದದಿಂದ. ಅದು ಮೊದಲು ಮಸಾಲೆಯಾಗಿ, ಆಮೇಲೆ ಮೆಣಸಾಯಿತು. ಹಾಗೆ ಕರೆದವರು ಅವಳ ಅಭಿಮಾನಿಗಳೇನೂ ಆಗಿರಲಿಲ್ಲ. ಅವರ ಕಣ್ಣಿದ್ದದ್ದು ವ್ಯಾಪಾರದ ಮೇಲೆ. 1569ರಲ್ಲಿ ಅವರು ಹೊನ್ನಾವರದ ಕೋಟೆಯನ್ನೇ ಹಿಡಿದರು. ಆದರೂ ರಾಣಿಯನ್ನು ಕೊನೆಗೆ ಸೋಲಿಸಿದವರು ಹೊರಗಿನವರಲ್ಲ. 17ನೆಯ ಶತಮಾನದ ಆರಂಭದಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದು ಅವಳನ್ನು ಸೆರೆಹಿಡಿದ. ಅವಳು ಸತ್ತದ್ದು ಸೆರೆಯಲ್ಲಿಯೇ.

ಶಿರಸಿಗೆ ಸಮೀಪದ ಸೋದೆಯ ಅರಸರ ನೆಲದ ಮೆಣಸಿಗೆ ಕಾರವಾರದ ದಾರಿ. 1638ರಲ್ಲಿ ಕೋರ್ಟೀನ್ ಕಂಪನಿಯ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದದ್ದು ಬಟ್ಟೆಗಾಗಿ ಮತ್ತು ಮೆಣಸಿಗಾಗಿ. 1763ರ ಕೊನೆಯಲ್ಲಿ ಹೈದರನ ಸೇನೆ ಬಂದಾಗ ಸೋದೆಯ ಅರಸು ಗೋವೆಗೆ ಓಡಿಹೋದ. ತೋಟಗಳು ಎಲ್ಲಿಗೂ ಓಡಲಾರವಷ್ಟೆ. 1801ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್, ಹೈಗರು ಅಡಿಕೆ, ಮೆಣಸು, ಏಲಕ್ಕಿ, ವೀಳ್ಯದೆಲೆಗಳನ್ನು ಒಂದೇ ತೋಟದಲ್ಲಿ ಬೆಳೆಯುವ ಕ್ರಮವನ್ನು ಕಂಡು ದಾಖಲಿಸಿದ್ದಾನೆ. ಇಂದಿನ ತೋಟವನ್ನು ನೋಡಿದರೂ ಆತ ಗುರುತು ಹಿಡಿಯುತ್ತಿದ್ದನೆನ್ನಬಹುದು.

ಇನ್ನು ಎರಡನೆಯ ತಪ್ಪಿನ ಕಥೆ. ಮೆಣಸು ಹುಡುಕಿಕೊಂಡು ಪಶ್ಚಿಮಕ್ಕೆ ಹೊರಟ ಕೊಲಂಬಸ್‌ನಿಗೆ 1492ರಲ್ಲಿ ಸಿಕ್ಕಿದ್ದು ಭಾರತವಲ್ಲ, ಅಲ್ಲಿದ್ದದ್ದು ಮೆಣಸಿನ ಬಳ್ಳಿಯೂ ಅಲ್ಲ. ಗಿಡದಲ್ಲಿ ಬಿಡುವ ಕೆಂಪು ಕಾಯಿ ಕಂಡು, ಖಾರವಿದೆಯೆಂಬ ಒಂದೇ ಕಾರಣಕ್ಕೆ ಯುರೋಪಿನವರು ಅದನ್ನೂ ಪೆಪ್ಪರ್ ಎಂದರು. ಇಂಗ್ಲಿಷಿನಲ್ಲಿ ದೊಣ್ಣೆಮೆಣಸಿನಕಾಯಿಗೂ ಇಂದು ಅದೇ ಹೆಸರು. ಪುಂಡರ ಮುಖಕ್ಕೆ ಎರಚುವ 'ಪೆಪ್ಪರ್ ಸ್ಪ್ರೇ'ಯಲ್ಲಿರುವುದೂ ಮೆಣಸಿನಕಾಯಿಯ ಖಾರ, ಕಾಳುಮೆಣಸಲ್ಲ.

ಇದನ್ನು ಹೇಳಿ ನಗುವ ಮೊದಲು ನಮ್ಮ ಮಾತನ್ನೂ ನೋಡಿಕೊಳ್ಳುವುದು ಒಳಿತು. ಪೋರ್ಚುಗೀಸರ ಹಡಗುಗಳಲ್ಲಿ 16ನೆಯ ಶತಮಾನದಲ್ಲಿ ಆ ಕಾಯಿ ನಮ್ಮ ಕರಾವಳಿಗೆ ಬಂದಾಗ ಕನ್ನಡಿಗರು ಅದಕ್ಕೆ 'ಮೆಣಸಿನಕಾಯಿ' ಎಂದರು. ಹೊಸಬ ಬಲು ಬೇಗ ಮನೆಯ ಯಜಮಾನನೇ ಆದ. ಈಗ ಬರೀ 'ಮೆಣಸು' ಎಂದರೆ ಹಲವೆಡೆ ಒಣಮೆಣಸಿನಕಾಯಿಯೆಂದೇ ಅರ್ಥ. ಮಲೆನಾಡಿನ ಹಿತ್ತಲ ಪುಟ್ಟ ಕಾಯಿಗೆ ಸೂಜಿಮೆಣಸು. ಹೆಸರಿನ ಮೂಲ ಒಡೆಯನೇ ವಿಶೇಷಣ ಹಚ್ಚಿಕೊಂಡು ತಿರುಗಬೇಕು: ಕಾಳುಮೆಣಸು, ಕರಿಮೆಣಸು, ದಕ್ಷಿಣ ಕನ್ನಡದಲ್ಲಿ ಒಳ್ಳೆಮೆಣಸು. ತುಳುವಿನಲ್ಲೂ ಹಾಗೆಯೇ, 'ಎಡ್ಡೆ ಮುಂಚಿ'. ಈ 'ಒಳ್ಳೆ' ಎಂಬ ಮಾತಿನಲ್ಲಿ ಹಳೆಯದರ ಪರವಾದ ಒಂದು ತಕರಾರು ಉಳಿದುಕೊಂಡಂತಿದೆ. ಶ್ರಾದ್ಧದ ಅಡುಗೆಯಂತೂ ಹೊಸಬನನ್ನು ಇಂದಿಗೂ ಒಳಗೆ ಬಿಟ್ಟಿಲ್ಲ. ಅಲ್ಲಿ ಖಾರಕ್ಕೆ ಮೆಣಸಿನಕಾಯಿ ಸಲ್ಲದು, ಕಾಳುಮೆಣಸೇ ಆಗಬೇಕು. ಐನೂರು ವರ್ಷದ ಹಿಂದಿನ ಕನ್ನಡ ಅಡುಗೆಯ ರುಚಿ ಹೇಗಿತ್ತೆಂದು ತಿಳಿಯಲು ಆ ಎಲೆಗಿಂತ ಉತ್ತಮ ದಾಖಲೆ ಬೇಕಿಲ್ಲ.

ಇಂಗ್ಲಿಷ್ ಶಬ್ದ ಮುಂದೆಯೂ ಕವಲೊಡೆಯಿತು. ಗುಂಡಿನ ಮಳೆ ಸುರಿಸುವುದೂ ಅವರಿಗೆ 'ಪೆಪ್ಪರ್' ಮಾಡುವುದೇ. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕನ್ನರು ಅದನ್ನು ಮೊಟಕುಗೊಳಿಸಿ ಹುರುಪು ಎಂಬರ್ಥದಲ್ಲಿ 'ಪೆಪ್' ಎಂದರು. ಅದಕ್ಕೂ ಮೊದಲೇ, 17ನೆಯ ಶತಮಾನದ ಕೊನೆಯಲ್ಲಿ, ಖಾರದ ಘಾಟಿದ್ದ ಒಂದು ಜಾತಿಯ ಪುದೀನಕ್ಕೆ ಇಂಗ್ಲೆಂಡಿನಲ್ಲಿ 'ಪೆಪ್ಪರ್‌ಮಿಂಟ್' ಎಂಬ ಹೆಸರು ಬಿದ್ದಿತ್ತು. ಅದರ ಎಣ್ಣೆ ಬೆರೆಸಿದ ಸಕ್ಕರೆ ಬಿಲ್ಲೆಗಳು ಹಡಗೇರಿ ಇತ್ತ ಬಂದವು. ಹೀಗೆ ಪಿಪ್ಪಲಿಯ ಹೆಸರು ಗ್ರೀಸ್, ರೋಮ್, ಲಂಡನ್ನುಗಳನ್ನು ಸುತ್ತಿ, ಹಿಪ್ಪಲಿಯನ್ನೂ ಮೆಣಸನ್ನೂ ಬಿಟ್ಟು, ಶಿರಸಿ ಸೀಮೆಯ ಹಳ್ಳಿಯಂಗಡಿಯ ಗಾಜಿನ ಭರಣಿಯೊಳಗೆ ಬಂದು ಕುಳಿತಿತು. ತೋಟದಲ್ಲಿ ಉದುರಿದ ಮೆಣಸು ಹೆಕ್ಕಿ ಮಾರಿ ಬಂದ ಚಿಲ್ಲರೆಗೆ ಮಕ್ಕಳು ಅಲ್ಲಿ ಕೊಂಡು ತಿನ್ನುತ್ತಿದ್ದದ್ದು ಪೆಪ್ಪರಮೆಂಟು.