ವಹ್ನಿ ಪುಷ್ಕರಿಣಿಗೆ ಗೋಡೆಯಿಲ್ಲ

ಹಾಸನದಲ್ಲಿರುವ ನಮ್ಮ ದೊಡ್ಡಪ್ಪನ ಮಗ ನಾಲ್ಕು ವರ್ಷದ ಹಿಂದೆ ಮನೆಯ ಹಜಾರದಲ್ಲಿ ಒಂದು ಗಾಜಿನ ತೊಟ್ಟಿ ಕಟ್ಟಿಸಿದ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರ. ತುಂಬಿದರೆ ಸುಮಾರು 2,700 ಲೀಟರ್ ನೀರು, ಅಂದರೆ ನೀರಿನ ಭಾರವೇ 2.7 ಟನ್. ಅದಕ್ಕಾಗಿ ನೆಲ ಅಗೆಸಿ ಕಾಂಕ್ರೀಟ್ ಹಾಕಿಸಿದ್ದ. ಕರೆಂಟು ಹೋದರೂ ಗಾಳಿಯ ಪಂಪು ನಿಲ್ಲದಂತೆ ಯುಪಿಎಸ್ ಇಟ್ಟಿದ್ದ. ಬೆಂಗಳೂರಿನಿಂದ ತಂದ ಕೆಂಪು ಬಾಲದ ಕ್ಯಾಟ್‌ಫಿಶ್ ಆಗ ಅಂಗೈಯಗಲ ಇತ್ತು. ಅಮೆಜಾನ್ ಸೀಮೆಯ ಈ ಮೀನು ಒಂದು ಮೀಟರಿಗೂ ಮೀರಿ ಬೆಳೆಯುತ್ತದೆಂದು ಮಾರಿದವರು ಹೇಳಲಿಲ್ಲ, ಇವನೂ ಕೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಅದು ತೊಟ್ಟಿಯೊಳಗೆ ತಿರುಗಲು ಮೈ ಬಳುಕಿಸಬೇಕಾಗಿತ್ತು. ಅಣ್ಣ ನನಗೆ ಫೋನು ಮಾಡಿ ಹೇಳಿದ: ‘ರಾಮನಾಥಪುರಕ್ಕೆ ಬಿಟ್ಟು ಬರೋಣ ಕಣೋ. ಅಲ್ಲಿ ಯಾರೂ ಹಿಡಿಯಲ್ಲ. ದೇವರ ಮೀನುಗಳ ಜೊತೆ ಇದೂ ಬದುಕ್ಕೊಳ್ಳುತ್ತೆ. ನಮಗೂ ಪುಣ್ಯ.’

ನಾನು ತಕ್ಷಣ ಬೇಡ ಅಂದೆ. ಯಾಕೆ ಬೇಡ ಅಂತ ಅವನು ಕೇಳಿದಾಗ ನೇರ ಉತ್ತರ ಹೊಳೆಯಲಿಲ್ಲ. ಇತಿಹಾಸದಲ್ಲಿ ಸಂಶೋಧನೆ ಮಾಡುವವನಿಗೆ ಹೊಳೆಯುವುದು ಹಳೆಯ ಪುಸ್ತಕಗಳೇ. ಉತ್ತರವನ್ನು ಅಲ್ಲಿಯೇ ಹುಡುಕಿದೆ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ರಾಮೇಶ್ವರ ದೇವಸ್ಥಾನದ ಪಕ್ಕದಲ್ಲೇ ಕಾವೇರಿ ಹರಿಯುತ್ತಾಳೆ. ಅಲ್ಲಿನ ಬಂಡೆಗಳ ನಡುವಿನ ಆಳವಾದ ಮಡುವೇ ವಹ್ನಿ ಪುಷ್ಕರಿಣಿ. ಮೆಟ್ಟಿಲ ಮೇಲೆ ನಿಂತು ಒಂದು ಹಿಡಿ ಪುರಿ ಎಸೆದರೆ ಸಾಕು, ನೀರು ಕುದಿದಂತಾಗಿ ಮಹಶೀರ್‌ಗಳ ಬೆನ್ನು ಮೇಲೇಳುತ್ತದೆ. ಕಾವೇರಿ ದಂಡೆಯ ಜನ ಬಿಳಿ ಮೀನು ಎಂದು ಕರೆದ ಜಾತಿ ಇದು. ನಮ್ಮ ಕಡೆ ದೊಡ್ಡ ಸಿಹಿನೀರಿನ ಮೀನನ್ನು ಜನ ಹತ್ತಿರದಿಂದ ನೋಡಿದ್ದು, ಸಾಕಿದ್ದು ಎಂದರೆ ಇಂಥ ಮಡುಗಳಲ್ಲೇ. ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕೂಡ ಹೀಗೆಯೇ.

ಗಾಜಿನ ತೊಟ್ಟಿಯ ಚರಿತ್ರೆ ಇದಕ್ಕೆ ಹೋಲಿಸಿದರೆ ತೀರ ಈಚಿನದು. 1850ರ ಸುಮಾರಿಗೆ ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ, ಒಂದೇ ಪಾತ್ರೆಯಲ್ಲಿ ಮೀನು ಮತ್ತು ನೀರುಗಿಡ ಇಟ್ಟರೆ ಒಂದರ ಉಸಿರು ಇನ್ನೊಂದಕ್ಕೆ ಆಧಾರವಾಗುತ್ತದೆಂದು ತೋರಿಸಿದ. 1853ರಲ್ಲಿ ಲಂಡನ್ ಮೃಗಾಲಯ ಸಾರ್ವಜನಿಕರಿಗೆ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಪದ ಮನೆಮಾತಾಯಿತು. ತೊಟ್ಟಿಯೊಂದು ತನ್ನಷ್ಟಕ್ಕೆ ತಾನು ಪೂರ್ಣವಾದ ಪುಟ್ಟ ಲೋಕ ಎಂಬ ಕಲ್ಪನೆ ಹುಟ್ಟಿದ್ದು ಆಗಲೇ.

ದೊಡ್ಡ ಮೀನಿನ ಮುಂದೆ ಈ ಕಲ್ಪನೆ ನಿಲ್ಲುವುದಿಲ್ಲ. ಮೀನು ಹೊರಹಾಕುವ ಅಮೋನಿಯ ಅದಕ್ಕೇ ವಿಷ. ಫಿಲ್ಟರಿನಲ್ಲಿ ನೆಲೆಸುವ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ತೆಗೆಯಲು ನೀರನ್ನೇ ಬದಲಿಸಬೇಕು. ಅಣ್ಣ ವಾರಕ್ಕೊಮ್ಮೆ ಮೂರನೇ ಒಂದು ಭಾಗ, ಅಂದರೆ 900 ಲೀಟರ್ ನೀರನ್ನು ತೆಂಗಿನ ಬುಡಕ್ಕೆ ಬಿಟ್ಟು ಹೊಸದು ತುಂಬುತ್ತಿದ್ದ. ನದಿ ಪ್ರತಿ ಗಳಿಗೆ ಮಾಡುವ ಕೆಲಸವನ್ನು ಅವನು ಭಾನುವಾರ ಮಾಡುತ್ತಿದ್ದ.

ಮೀನಿಗೆ ಉಣಿಸುವ ಬಗ್ಗೆ ನಮ್ಮ ನೆಲದಲ್ಲೇ ಹುಟ್ಟಿದ ಹಳೆಯ ಗ್ರಂಥವೆಂದರೆ ‘ಮಾನಸೋಲ್ಲಾಸ’. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಇದನ್ನು ಸಂಸ್ಕೃತದಲ್ಲಿ ಬರೆದ. ಅರಸನ ವಿನೋದಗಳನ್ನು ಹೇಳುವ ಭಾಗದಲ್ಲಿ ಮತ್ಸ್ಯವಿನೋದವೂ ಒಂದು. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಎಳ್ಳಿನ ಹಿಂಡಿ, ಯಾವುದಕ್ಕೆ ಹಿಟ್ಟಿನ ಉಂಡೆ, ಯಾವುದಕ್ಕೆ ಮಾಂಸ ಎಂದು ಬಿಡಿಸಿ ಹೇಳುತ್ತಾನೆ. ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗದ ಬಗ್ಗೆ ವಿವರವಾಗಿ ಬರೆದರು. ಆದರೆ ಅರಸನ ಪ್ರೀತಿ ಗಾಳದಲ್ಲಿ ಮುಗಿಯುತ್ತದೆ. ರಾಮನಾಥಪುರದ ಮೆಟ್ಟಿಲಲ್ಲೂ ಉಣಿಸುವ ಕೈ ಅದೇ, ಮೇಲೆ ಬರುವ ಬಾಯಿಯೂ ಅದೇ. ಗಾಳ ಮಾತ್ರ ಇಲ್ಲ. ಆ ಮಡುವಿಗೆ ಗಾಜೂ ಇಲ್ಲ, ಗೋಡೆಯೂ ಇಲ್ಲ. ಮೀನನ್ನು ಅಲ್ಲಿ ಉಳಿಸಿರುವುದು ‘ಹಿಡಿಯಬಾರದು’ ಎಂಬ ಜನರ ಕಟ್ಟುಪಾಡು.

ಕಟ್ಟುಪಾಡು ಗಟ್ಟಿಯೂ ಹೌದು, ಮುರಿಯುವುದೂ ಸುಲಭ. ಶಿಶಿಲದಲ್ಲಿ 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಬ್ರಿಟಿಷರ ಕಾಲದ 1897ರ ಮೀನುಗಾರಿಕೆ ಕಾಯ್ದೆ ಸ್ಫೋಟಕ ಮತ್ತು ವಿಷ, ಈ ಎರಡನ್ನು ಹೆಸರಿಸಿ ನಿಷೇಧಿಸಿತ್ತು. ದೇವಸ್ಥಾನದ ಕಟ್ಟುಪಾಡಿಗಾಗಲಿ ಆ ಕಾಯ್ದೆಗಾಗಲಿ ಕಂಡ ಶತ್ರು ಮೀನನ್ನು ಕೊಲ್ಲಲು ಬರುವವನು. ಭಕ್ತಿಯಿಂದ ಬಕೆಟ್ಟಿನಲ್ಲಿ ಮೀನು ತಂದು ಬಿಡುವವನು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆದರೆ ಬಿಡುವುದರಿಂದ ಏನಾಗಬಹುದು ಎಂಬುದನ್ನು ಇದೇ ಕಾವೇರಿ ತೋರಿಸಿದೆ. ಕಾವೇರಿ ಕೊಳ್ಳಕ್ಕೇ ಸೇರಿದ ಒಂದು ಗೂನುಬೆನ್ನಿನ ಮಹಶೀರ್ ಇದೆ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರ ಗಾಳಕ್ಕೆ ಸಿಕ್ಕಿದ್ದು 120 ಪೌಂಡು, ಅಂದರೆ 54 ಕಿಲೋ ತೂಗಿತ್ತು. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಬೇರೊಂದು ಜಾತಿಯ, ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಬೆಳೆಸಿ ಹಲವು ನದಿಗಳಿಗೆ ಹಂಚಲಾಯಿತು. ಕಾವೇರಿಗೂ ಬಂದವು. ಉದ್ದೇಶ ಒಳ್ಳೆಯದೇ: ಮಹಶೀರ್ ಕಡಿಮೆಯಾಗುತ್ತಿದೆ, ಹೆಚ್ಚಿಸೋಣ. ಗಾಲಿಬೋರೆಯ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಸಂಶೋಧಕರು ತೆರೆದು ನೋಡಿದಾಗ ನೀಲಿ ರೆಕ್ಕೆಯದು ಏರುತ್ತ, ಗೂನುಬೆನ್ನಿನದು ಇಳಿಯುತ್ತ ಹೋಗಿತ್ತು. ಅಣೆಕಟ್ಟು, ಮರಳು ತೆಗೆಯುವುದು, ಡೈನಮೈಟು ಕೂಡ ನದಿಯನ್ನು ಹಾಳುಗೆಡವಿವೆ, ನಿಜ. ಆದರೂ ಮಹಶೀರ್ ಉಳಿಸಲೆಂದು ಬಿಟ್ಟ ಮೀನೇ ಇಲ್ಲಿನ ಮಹಶೀರ್‌ನ ಜಾಗ ಹಿಡಿಯಿತು. ಗೂನುಬೆನ್ನಿನ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಹೆಸರು ಸಿಗುವ ಹೊತ್ತಿಗೆ ಮೀನು ಹೋಗುತ್ತಿತ್ತು.

ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ‘ಒಂದೇ ಮೀನು ಕಣೋ, ಜೋಡಿಯೂ ಇಲ್ಲ’ ಅಂದ. ಜೋಡಿಯಿಲ್ಲದಿದ್ದರೂ ಹೊಟ್ಟೆಯಿದೆ. ಕೆಂಪು ಬಾಲದ ಕ್ಯಾಟ್‌ಫಿಶ್ ಬಾಯಿಗೆ ಹಿಡಿಸಿದ ಮೀನನ್ನೆಲ್ಲ ನುಂಗುವಂಥದ್ದು. ತೊಟ್ಟಿಯ ರೋಗವೂ ಅದರ ಜೊತೆ ಬರಬಹುದು. ಅದಕ್ಕಿಂತ ಮುಖ್ಯ, ಹಾಗೆ ಯೋಚಿಸುವವನು ಅವನೊಬ್ಬನೇ ಅಲ್ಲ. ದೊಡ್ಡ ತೊಟ್ಟಿ ಇಟ್ಟವರೆಲ್ಲ ಒಂದು ದಿನ ಇದೇ ಲೆಕ್ಕಕ್ಕೆ ಬರುತ್ತಾರೆ. ಎಲ್ಲರಿಗೂ ಅದು ಒಂದೇ ಮೀನು.

ಕೊನೆಗೆ ಮೀನಿಲ್ಲದೆ ಇಬ್ಬರೂ ರಾಮನಾಥಪುರಕ್ಕೆ ಹೋದೆವು. ನೀರು ಇಳಿದಿತ್ತು. 2018 ಮತ್ತು 2019ರ ಆಗಸ್ಟಿನಲ್ಲಿ ಇದೇ ಹೊಳೆ ಉಕ್ಕಿ ತಗ್ಗಿನ ಮನೆಗಳಿಗೆ ನುಗ್ಗಿತ್ತೆಂದು ನಂಬುವುದು ಕಷ್ಟ. ಅಂಥ ಮಳೆಗಾಲದಲ್ಲಿ ಮಡು ಯಾವುದು, ಹೊಳೆ ಯಾವುದು? ಇಲ್ಲಿ ಬಿಟ್ಟದ್ದು ಚುಂಚನಕಟ್ಟೆ ದಾಟಿ ಕೃಷ್ಣರಾಜಸಾಗರದವರೆಗೂ ಹೋಗಬಹುದು. ಅಣ್ಣ ಬಹಳ ಹೊತ್ತು ನೀರನ್ನೇ ನೋಡುತ್ತಿದ್ದ. ‘ಇದು ತೊಟ್ಟಿ ಅಲ್ಲ ಬಿಡು’ ಅಂದ.

ಈಗ ಮನೆಯ ಹಿಂದೆ ಚರಂಡಿ, ಕಾಲುವೆ ಯಾವುದಕ್ಕೂ ತಾಗದ ಎತ್ತರದ ಜಾಗದಲ್ಲಿ ಹದಿನೈದು ಅಡಿ ಉದ್ದದ ಸಿಮೆಂಟು ತೊಟ್ಟಿ ಏಳುತ್ತಿದೆ. ಅದೂ ಆ ಮೀನಿಗೆ ಸಾಲುವುದಿಲ್ಲ. ಆದರೆ ತಂದವನು ಅವನು, ಅದು ಬದುಕಿರುವವರೆಗೆ ನೀರು ಬದಲಿಸಬೇಕಾದವನೂ ಅವನೇ. ಹಿಡಿಯಬಾರದು ಎಂಬ ಮಾತನ್ನು ಹಿಂದಿನವರು ನಮಗೆ ಕೊಟ್ಟು ಹೋದರು. ಬಿಡಬಾರದು ಎಂಬ ಇನ್ನೊಂದು ಮಾತನ್ನು ಅದರ ಪಕ್ಕಕ್ಕೆ ನಾವು ಸೇರಿಸಬೇಕಾಗಿದೆ.